ತಲೆ ಎತ್ತಿ ನೋಡಿದ ದಿನ

(ಸ್ವಸಹಾಯ ಸಂಘಗಳ ಮಹಿಳೆಯರ ಸಭೆಯಲ್ಲಿ ಗಾರ್ಮೆಂಟ್ಸ್ ಕಾರ್ಮಿಕರೊಬ್ಬರು ಆಡಿದ ಮಾತುಗಳ ಬರಹರೂಪ)

ಅಕ್ಕ ತಂಗಿಯರೆ,

ನನಗೆ ಮೈಕು ಹಿಡಿದು ಮಾತಾಡಿ ರೂಢಿಯಿಲ್ಲ. ಮೆಷಿನ್ನುಗಳ ಸದ್ದಿನ ನಡುವೆ ಕೂಗಿ ಮಾತಾಡಿಯೇ ಅಭ್ಯಾಸ. ದನಿ ಜೋರಾದರೆ ನಿಮ್ಮ ಮೇಲೆ ಕೋಪ ಮಾಡಿಕೊಂಡೆ ಅಂತ ತಿಳಿಯಬೇಡಿ. ವರದಕ್ಷಿಣೆ, ಮನೆಯೊಳಗಿನ ಹೊಡೆತ ಬಡಿತದ ಬಗ್ಗೆ ಸೇರಿರುವ ಈ ಸಭೆಗೆ ಗಾರ್ಮೆಂಟ್ಸ್‌ನವಳನ್ನು ಯಾಕೆ ಕರೆಸಿದರು ಅಂತ ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ನನಗೂ ಮೊದಲು ಹಾಗೇ ಅನ್ನಿಸಿತ್ತು. ಫ್ಯಾಕ್ಟರಿ ಬೇರೆ, ಮನೆ ಬೇರೆ ಅಂತ ನಾನೂ ಬಹಳ ವರ್ಷ ನಂಬಿದ್ದೆ. ಆ ನಂಬಿಕೆ ಹೇಗೆ ಹೋಯಿತು ಅನ್ನುವುದನ್ನೇ ಇವತ್ತು ಹೇಳುತ್ತೇನೆ.

ನಮ್ಮೂರು ರಾಮನಗರದ ಕಡೆ. ಮಳೆ ಕೈಕೊಟ್ಟ ವರ್ಷ ಅವ್ವ, ನಾನು, ತಂಗಿ ಬೆಂಗಳೂರಿಗೆ ಬಂದೆವು. ಮೈಸೂರು ರಸ್ತೆಯ ಒಂದು ಫ್ಯಾಕ್ಟರಿಯಲ್ಲಿ ಹೆಲ್ಪರ್ ಆಗಿ ಸೇರಿ, ದಾರ ಕತ್ತರಿಸುತ್ತ ಕತ್ತರಿಸುತ್ತಲೇ ಕಲಿತು, ಟೈಲರ್ ಆದೆ. ಒಂದು ಲೈನು ಅಂದರೆ ನಲವತ್ತು ಚಿಲ್ಲರೆ ಮೆಷಿನ್ನು. ಅಲ್ಲಿ ಒಂದು ಶರ್ಟನ್ನು ಒಬ್ಬಳೇ ಹೊಲಿಯುವುದಿಲ್ಲ. ಒಬ್ಬಳು ಜೇಬು, ಒಬ್ಬಳು ಕಫ್, ಒಬ್ಬಳು ತೋಳು ಕೂಡಿಸುವುದು. ನನ್ನದು ಕಾಲರ್. ಇಡೀ ಶರ್ಟು ಹೇಗಿರುತ್ತದೆ ಅಂತ ನೋಡಬೇಕಾದರೆ ಲೈನಿನ ಕೊನೆಗೆ ಹೋಗಬೇಕು. ಎದ್ದು ಹೋಗುವ ಹಾಗಿಲ್ಲ.

ಲೈನಿನ ತುದಿಯಲ್ಲಿ ಒಂದು ಬೋರ್ಡು. ಗಂಟೆಗೊಂದು ಸಲ ಅದರಲ್ಲಿ ಪೀಸಿನ ಲೆಕ್ಕ ಬರೆಯುತ್ತಾರೆ. ಗಂಟೆಗೆ 60 ಕಾಲರ್ ಕೊಡುತ್ತಿದ್ದವಳಿಗೆ, ಗಡಿಯಾರ ಹಿಡಿದುಕೊಂಡು ಬಂದ ಒಬ್ಬರು ಪಕ್ಕದಲ್ಲಿ ನಿಂತು ನೋಡಿ 75 ಅಂತ ಬರೆದುಹೋದರು. 75 ಕೊಟ್ಟರೆ ಮುಂದಿನ ತಿಂಗಳು 80. ಕೊಡದಿದ್ದರೆ ಬಾಯಿಗೆ ಬಂದ ಬೈಗುಳ. ಏ, ಲೇ, ಹೋಗೇ, ಬಾರೇ. ದನ ಕಾಯೋಕೆ ಹೋಗು, ಎಮ್ಮೆ ಹಾಗೆ ಕೂತಿದ್ದೀಯ. ಇವು ಮರ್ಯಾದೆಯ ಮಾತುಗಳು, ಸಭೆಯಲ್ಲಿ ಹೇಳಬಹುದಾದವು. ಉಳಿದವನ್ನು ನೀವೇ ಊಹಿಸಿಕೊಳ್ಳಿ. ಬಚ್ಚಲಿಗೆ ಹೋಗಬೇಕಾದರೆ ಟೋಕನ್ ತೆಗೆದುಕೊಳ್ಳಬೇಕು. ಇಡೀ ಲೈನಿಗೆ ಎರಡೇ ಟೋಕನ್. ಅದಕ್ಕೇ ನಾವು ನೀರು ಕುಡಿಯುವುದನ್ನೇ ಬಿಟ್ಟಿದ್ದೆವು. ಬೆಳಿಗ್ಗೆ ಕಾಫಿ ಕುಡಿದರೆ ಮಧ್ಯಾಹ್ನದ ಊಟಕ್ಕೆ ಒಂದು ಲೋಟ ನೀರು. ಉರಿಮೂತ್ರ ಇಲ್ಲದ ಹೆಂಗಸು ನಮ್ಮ ಲೈನಿನಲ್ಲಿ ಇರಲಿಲ್ಲ.

ಸೂಪರ್‌ವೈಸರ್ ಯಾಕೆ ಹೀಗೆ ಬೈಯುತ್ತಾನೆ? ಅವನ ಸ್ವಭಾವವೇ ಕೆಟ್ಟದ್ದು ಅಂತ ನಾವು ಅಂದುಕೊಂಡಿದ್ದೆವು. ಆಮೇಲೆ ಯೂನಿಯನ್ನಿನ ಅಕ್ಕ ಒಬ್ಬರು ಬಿಡಿಸಿ ಹೇಳಿದರು. ಹೊರದೇಶದ ಕಂಪನಿ ಇಷ್ಟು ಬೆಲೆಗೆ, ಇಷ್ಟನೇ ತಾರೀಖಿಗೆ ಮಾಲು ಬೇಕು ಅನ್ನುತ್ತದೆ. ತಡವಾದರೆ ಹಡಗಿನ ಬದಲು ವಿಮಾನದಲ್ಲಿ ಕಳಿಸಬೇಕು, ಆ ಖರ್ಚು ಸಾಮಾನ್ಯವಾಗಿ ಫ್ಯಾಕ್ಟರಿಯ ತಲೆಗೇ ಬರುತ್ತದೆ. ಮಾಲೀಕರು ಮ್ಯಾನೇಜರನ್ನು ಬೈಯುತ್ತಾರೆ, ಮ್ಯಾನೇಜರು ಫ್ಲೋರ್ ಇನ್‌ಚಾರ್ಜನ್ನು, ಅವನು ಸೂಪರ್‌ವೈಸರನ್ನು, ಸೂಪರ್‌ವೈಸರ್ ನಮ್ಮನ್ನು. ನಾವು ಸಂಜೆ ಮನೆಗೆ ಹೋಗಿ ಮಕ್ಕಳ ಬೆನ್ನಿಗೆ ಬಾರಿಸುತ್ತೇವೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರಲ್ಲ, ಹಾಗೆ. ಹೆಂಗಸರೇ ಸೂಪರ್‌ವೈಸರ್ ಆದಾಗಲೂ ಬೈಗುಳ ನಿಲ್ಲಲಿಲ್ಲ. ಹೆಣ್ಣಿಗೆ ಹೆಣ್ಣೇ ಶತ್ರು ಅಂತ ಗಂಡಸರು ನಕ್ಕರು. ಆದರೆ ಅದೇ ಬೋರ್ಡಿನ ಕೆಳಗೆ, ಅದೇ ಟಾರ್ಗೆಟ್ಟಿಗೆ ಯಾರನ್ನು ನಿಲ್ಲಿಸಿದರೂ ಅದೇ ಬಾಯಿ ಬರುತ್ತದೆ. ಹಾಗಂತ ಬೈಯುವವರ ತಪ್ಪನ್ನು ಮನ್ನಿಸಿ ಅಂತ ನಾನು ಹೇಳುತ್ತಿಲ್ಲ. ಮೇಲಿನಿಂದ ಬಂದ ಭಾರವನ್ನು ಕೆಳಗಿನವಳ ತಲೆಗೇ ಯಾಕೆ ಹಾಕುತ್ತಾರೆ? ಅವಳು ತಿರುಗಿ ಬೀಳುವುದಿಲ್ಲ ಅನ್ನುವ ಧೈರ್ಯಕ್ಕೆ. ಮನೆಯಲ್ಲೂ ಇದೇ ಧೈರ್ಯ ಅಲ್ಲವೇ?

2009ರಲ್ಲಿ ನಡೆದದ್ದನ್ನು ಹೇಳುತ್ತೇನೆ. ನನ್ನ ಹಿಂದಿನ ಮೆಷಿನ್ನಿನಲ್ಲಿ ಒಬ್ಬ ಹುಡುಗಿ ಇದ್ದಳು. ಇಪ್ಪತ್ತು ವರ್ಷ ಇರಬಹುದು, ಮದುವೆಯಾಗಿ ಎಂಟು ತಿಂಗಳು. ಒಂದು ಬೆಳಿಗ್ಗೆ ಬಂದಾಗ ಅವಳ ಕೆನ್ನೆ ಊದಿತ್ತು, ಕಣ್ಣಿನ ಕೆಳಗೆ ಕಪ್ಪು. ಕೊಡುತ್ತೇವೆ ಅಂದಿದ್ದ ಸರದ ಬಾಬ್ತು ಬಾಕಿ ಇತ್ತಂತೆ. ನಾವು ಯಾರೂ ಕೇಳಲಿಲ್ಲ. ಕೇಳುವುದು ಏನಿದೆ, ನೋಡಿದರೆ ತಿಳಿಯುತ್ತದೆ. ಆವತ್ತು ಅವಳ ಕೈ ಓಡಲಿಲ್ಲ. ಮೊದಲ ಗಂಟೆಯಲ್ಲಿ ಲೆಕ್ಕ ಕಡಿಮೆ, ಎರಡನೆಯ ಗಂಟೆಯಲ್ಲೂ ಕಡಿಮೆ. ಸೂಪರ್‌ವೈಸರ್ ಬಂದು ಅವಳ ಮುಖ ನೋಡಿದ. ನೋಡಿ, "ಗಂಡನ ಹತ್ರಾನೂ ಟಾರ್ಗೆಟ್ ಮುಗಿಸ್ಲಿಲ್ವೇನೇ?" ಅಂದ. ಅಂದು, ಬಂಡಲನ್ನು ಅವಳ ಮುಖದ ಮೇಲೆ ಎಸೆದ.

ಪಕ್ಕದಲ್ಲಿದ್ದ ಮೆಕ್ಯಾನಿಕ್ ನಕ್ಕ. ನಮ್ಮಲ್ಲೂ ಒಬ್ಬಿಬ್ಬರು ನಕ್ಕರು. ಭಯಕ್ಕೂ ನಗು ಬರುತ್ತದೆ. ನಾನು ನಗಲಿಲ್ಲ. ಆದರೆ ಏನು ಮಾಡಿದೆ ಗೊತ್ತೇ? ತಲೆ ಬಗ್ಗಿಸಿ ಕಾಲರ್ ಹೊಲಿದೆ. ಆ ಗಂಟೆಯಲ್ಲಿ ನನ್ನ ಟಾರ್ಗೆಟ್ ತುಂಬಿತ್ತು.

ಎದ್ದು ನಿಂತವರು ಒಬ್ಬರೇ. ಕಾಜಾ ಮೆಷಿನ್ನಿನ ಹಿರಿಯ ಅಕ್ಕ. "ಸಾರ್, ನಿಮಗೂ ಹೆಣ್ಣುಮಕ್ಕಳಿದ್ದಾರೆ, ಬಾಯಿ ಬಿಗಿ ಹಿಡಿದು ಮಾತಾಡಿ" ಅಂದರು. ಮಾರನೆಯ ದಿನ ಅವರನ್ನು ಮೆಷಿನ್ನಿನಿಂದ ಎಬ್ಬಿಸಿ ದಾರ ಕತ್ತರಿಸಲು ನಿಲ್ಲಿಸಿದರು, ದಿನವಿಡೀ ನಿಂತೇ. ವಾರ ಕಳೆದ ಮೇಲೆ ಎರಡು ಬಸ್ಸು ಬದಲಾಯಿಸಿ ಹೋಗಬೇಕಾದ ಇನ್ನೊಂದು ಯೂನಿಟ್ಟಿಗೆ ಹಾಕಿದರು. ತಿಂಗಳಲ್ಲಿ ಅವರೇ ಬಿಟ್ಟರು. ಕಾಗದದಲ್ಲಿ "ಸ್ವಂತ ಇಚ್ಛೆಯಿಂದ" ಅಂತ ಬರೆಸಿಕೊಂಡರು. ಒಬ್ಬಳೇ ಎದ್ದರೆ ಏನಾಗುತ್ತದೆ ಅಂತ ನಮಗೆಲ್ಲ ತೋರಿಸುವುದಕ್ಕೇ ಹಾಗೆ ಮಾಡಿದ್ದು.

ಆದರೆ ನಾವು ಕಲಿತದ್ದು ಬೇರೆ ಪಾಠ. ತಪ್ಪು ಅಕ್ಕನದಲ್ಲ, ಅವರನ್ನು ಒಂಟಿಯಾಗಿ ನಿಲ್ಲಲು ಬಿಟ್ಟ ನಮ್ಮದು ಅನ್ನುವುದು. ಒಂದು ಭಾನುವಾರ ನನ್ನ ಬಾಡಿಗೆ ಕೋಣೆಯಲ್ಲಿ 11 ಜನ ಸೇರಿದೆವು. ಹೊಲಿಗೆ ಕೆಲಸದ ಮಾತು ಅಂತ ಮನೆಯಲ್ಲಿ ಸುಳ್ಳು ಹೇಳಿ ಬಂದವರೇ ಹೆಚ್ಚು. ಯೂನಿಯನ್ನಿನ ಅಕ್ಕ, "ಮೊದಲು ಬರೆಯಿರಿ. ಯಾವ ದಿನ, ಎಷ್ಟು ಗಂಟೆಗೆ, ಯಾರಿಗೆ, ಏನಂದ, ಯಾರು ಕೇಳಿಸಿಕೊಂಡರು, ಅಷ್ಟೇ ಬರೆಯಿರಿ" ಅಂದರು. ಬರೆಯಲು ಕೂತರೆ ಕೈ ಓಡದು. ಆ ಮಾತುಗಳನ್ನು ನಮ್ಮ ಕೈಯಾರೆ ಬರೆಯುವುದು ಹೇಗೆ? "ಕೆಟ್ಟ ಮಾತು ಆಡಿದರು" ಅಂತ ಬರೆದೆವು. ಅದು ಸಾಲದು ಅಂದರು ಅಕ್ಕ. ಕೊನೆಗೆ ಕಫ್ ಹೊಲಿಯುವ ಒಬ್ಬಳು ಪೆನ್ನು ಕಿತ್ತುಕೊಂಡು, "ಹೇಳುವಾಗ ಅವನಿಗೆ ನಾಚಿಕೆ ಆಗ್ಲಿಲ್ಲ, ಬರೆಯುವಾಗ ನಮಗ್ಯಾಕೆ?" ಅಂತ ಎಲ್ಲವನ್ನೂ ಬರೆದಳು. ಆರು ವಾರ ಬರೆದೆವು. ಒಂದು ನೋಟುಪುಸ್ತಕ ಅರ್ಧ ತುಂಬಿತು.

ಆಮೇಲೆ ದೂರಿನ ಅರ್ಜಿ. ಮೊದಲ ಸಹಿ ಯಾರದ್ದು? ಮೊದಲ ಹೆಸರಿನವಳನ್ನೇ ಹಿಡಿಯುತ್ತಾರೆ ಅಂತ ಎಲ್ಲರಿಗೂ ಹೆದರಿಕೆ. ಆಗ ಒಬ್ಬಳು, ಸಾಲಾಗಿ ಹಾಕುವುದು ಬೇಡ, ರಂಗೋಲಿ ಹಾಗೆ ಸುತ್ತ ಹಾಕೋಣ ಅಂದಳು. ಮಧ್ಯದಲ್ಲಿ ಅರ್ಜಿ, ಸುತ್ತ ನಮ್ಮ ಸಹಿ. 34 ಜನರದ್ದು. ಸಹಿ ಬಾರದ ಇಬ್ಬರು ಹೆಬ್ಬೆಟ್ಟು ಒತ್ತಿದರು. ಆ ಹುಡುಗಿಯದ್ದೂ ಇತ್ತು. ಯಾರು ಮೊದಲು, ಯಾರು ಕೊನೆ ಅಂತ ಯಾರೂ ಹೇಳುವಂತಿರಲಿಲ್ಲ.

ಅರ್ಜಿ ಕೊಟ್ಟ ದಿನ ಮಧ್ಯಾಹ್ನ ಊಟದ ಗಂಟೆ ಮುಗಿದರೂ ನಾವು ಊಟದ ಜಾಗದಿಂದ ಏಳಲಿಲ್ಲ. ಘೋಷಣೆ ಕೂಗಲಿಲ್ಲ, ಕಲ್ಲು ಎಸೆಯಲಿಲ್ಲ. ಡಬ್ಬಿ ಮುಚ್ಚಿ ಕೂತೆವು. ಒಂದು ಲೈನು ನಿಂತರೆ ಏನಾಗುತ್ತದೆ ಅಂತ ನಮಗಿಂತ ಅವರಿಗೇ ಚೆನ್ನಾಗಿ ಗೊತ್ತು. ಸೂಪರ್‌ವೈಸರ್ ಬಂದು ಕೂಗಾಡಿದ. ಯಾವಾಗಲೂ ಬಗ್ಗಿರುತ್ತಿದ್ದ ತಲೆಗಳು ಆವತ್ತು ಎತ್ತಿ ಅವನನ್ನೇ ನೋಡುತ್ತಿದ್ದವು. ಅಷ್ಟು ಕಣ್ಣುಗಳನ್ನು ಅವನು ಒಟ್ಟಿಗೆ ಕಂಡಿರಲಿಲ್ಲ. ಮಾತು ನಡುವೆಯೇ ನಿಂತಿತು. 40 ನಿಮಿಷ ಕಳೆದ ಮೇಲೆ ದೊಡ್ಡ ಮ್ಯಾನೇಜರು ಬಂದು ಅರ್ಜಿ ಓದಿದರು. ಓದುತ್ತ ಓದುತ್ತ ಅವರ ಮುಖ ಕೆಂಪಾಯಿತು. ಆ ಮಾತುಗಳನ್ನು ಹಾಗೇ ಬರೆದದ್ದು ಕೆಲಸಕ್ಕೆ ಬಂತು.

ಸಿಕ್ಕಿದ್ದೇನು? ಆ ಹುಡುಗಿಯ ಮುಂದೆ, ನಮ್ಮೆಲ್ಲರ ಮುಂದೆ ಅವನು ತಪ್ಪಾಯಿತು ಅಂದ. ಟೋಕನ್ ತೆಗೆದುಹಾಕಿದರು. ದೂರು ಸಮಿತಿಯ ಸದಸ್ಯರ ಹೆಸರುಗಳನ್ನು ಗೋಡೆಗೆ ಅಂಟಿಸಿದರು. ಅಂಥದ್ದೊಂದು ಸಮಿತಿ ಇದೆ ಅಂತ ನಮಗೆ ಗೊತ್ತಾದದ್ದೇ ಆಗ. ಸಿಗದಿದ್ದೇನು? ಟಾರ್ಗೆಟ್ ಇಳಿಯಲಿಲ್ಲ. ಕಾಜಾ ಅಕ್ಕ ಮರಳಿ ಬರಲಿಲ್ಲ. ಅವನನ್ನು ಇನ್ನೊಂದು ಯೂನಿಟ್ಟಿಗೆ ಕಳಿಸಿದರು, ಅಲ್ಲಿಯ ಹೆಂಗಸರ ಗತಿ ಏನಾಯಿತೋ. ಇದನ್ನು ಮುಚ್ಚಿಟ್ಟು ದೊಡ್ಡ ಗೆಲುವು ಅಂತ ಹೇಳಿದರೆ ನಿಮಗೆ ಮೋಸ ಮಾಡಿದಂತೆ.

ಗುಂಪಿನ ಬಲ ಎಷ್ಟು ದೊಡ್ಡದು ಅಂತ ಕಂಡದ್ದು 2016ರಲ್ಲಿ. ಆ ವರ್ಷ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿಎಫ್ ನಿಯಮ ಬದಲಾಯಿಸಿ, ಕೆಲಸ ಬಿಟ್ಟವರು ಮಾಲೀಕರ ಪಾಲಿನ ಹಣವನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಅಂತ ಆದೇಶ ಹೊರಡಿಸಿತ್ತು. 58 ವರ್ಷದವರೆಗೆ ಮೆಷಿನ್ನಿನ ಮೇಲೆ ಕೂತವಳನ್ನು ನಾನಂತೂ ನೋಡಿಲ್ಲ. ನಲವತ್ತಕ್ಕೆ ಸೊಂಟ ಹೋಗುತ್ತದೆ, ಕಣ್ಣು ಹೋಗುತ್ತದೆ. ಏಪ್ರಿಲ್ 18, ಸೋಮವಾರ, ಬೊಮ್ಮನಹಳ್ಳಿ ಕಡೆಯ ಹೆಂಗಸರು ಫ್ಯಾಕ್ಟರಿ ಬಿಟ್ಟು ಹೊಸೂರು ರಸ್ತೆಗೆ ಬಂದು ಕೂತರು. ಮಾರನೆಯ ದಿನ ಪೀಣ್ಯ, ಜಾಲಹಳ್ಳಿ ಕ್ರಾಸ್, ತುಮಕೂರು ರಸ್ತೆ ಎಲ್ಲ ಕಡೆ ಸಾವಿರ ಸಾವಿರ ಹೆಂಗಸರು. ಯಾವ ನಾಯಕರೂ ಕರೆ ಕೊಟ್ಟಿರಲಿಲ್ಲ. ಬೆಂಗಳೂರು ನಿಂತುಹೋಯಿತು. ಲಾಠಿ ಬಿತ್ತು, ಅಶ್ರುವಾಯು ಸಿಡಿಯಿತು, ಬಸ್ಸುಗಳು ಸುಟ್ಟವು, ಅನೇಕರ ಮೇಲೆ ಕೇಸುಗಳಾದವು. 19ರ ಸಂಜೆಯೊಳಗೆ ಕೇಂದ್ರದ ಕಾರ್ಮಿಕ ಸಚಿವರು ಆದೇಶ ವಾಪಸು ಪಡೆದದ್ದಾಗಿ ಹೇಳಿದರು. ದೇಶಕ್ಕೆಲ್ಲ ಅನ್ವಯಿಸುವ ನಿಯಮವನ್ನು ಗಾರ್ಮೆಂಟ್ಸ್ ಹೆಂಗಸರು ಎರಡು ದಿನದಲ್ಲಿ ತಿರುಗಿಸಿದರು. ಪಿಎಫ್ ನಿಯಮಗಳು ಆಮೇಲೂ ಬದಲಾಗಿವೆ. ಈಗಿನದ್ದನ್ನು ಕೇಳಿ ತಿಳಿದುಕೊಳ್ಳಿ.

ನಾನೂ ಆ ರಸ್ತೆಯಲ್ಲಿ ಕೂತಿದ್ದೆ. ಕೂತಾಗ ಪಕ್ಕದಲ್ಲಿದ್ದ ಹುಡುಗಿಯನ್ನು ಕೇಳಿದೆ, "ಈ ಹಣ ಯಾತಕ್ಕೆ ಇಟ್ಟಿದ್ದೀಯ ತಾಯಿ?" ಅವಳು ಅಂದಳು, "ಮದುವೆಗೆ ಅಕ್ಕ. ಹುಡುಗನ ಕಡೆಯವರು ಗಾಡಿ ಕೇಳ್ತಾರಲ್ಲ."

ಆ ಮಾತು ನನ್ನ ಎದೆಗೆ ಚುಚ್ಚಿತು. ಯಾಕೆಂದರೆ ನನ್ನ ಹಣವೂ ಅಲ್ಲಿಗೇ ಹೋಗಿತ್ತು. 2011ರಲ್ಲಿ ತಂಗಿಯ ಮದುವೆ. ಹುಡುಗನಿಗೆ ಬೈಕು ಬೇಕು ಅಂದರು. ಪಿಎಫ್ ತೆಗೆಯಲೆಂದೇ ನಾನು ಕೆಲಸಕ್ಕೆ ರಾಜೀನಾಮೆ ಕೊಟ್ಟೆ. 4 ವರ್ಷ 8 ತಿಂಗಳ ಸರ್ವೀಸು. ಇನ್ನು 4 ತಿಂಗಳು ತಡೆದಿದ್ದರೆ 5 ವರ್ಷ ತುಂಬಿ ಗ್ರಾಚ್ಯುಟಿಯೂ ಸಿಗುತ್ತಿತ್ತು. ಮುಹೂರ್ತ ಕಾಯುತ್ತದೆಯೇ? ಗ್ರಾಚ್ಯುಟಿ ಬಿಟ್ಟೆ. ಪಿಎಫ್‌ನ 30 ಸಾವಿರ ಚಿಲ್ಲರೆ ಬೈಕಿಗೆ ಹೋಯಿತು, ಉಳಿದದ್ದಕ್ಕೆ ಬಡ್ಡಿಗೆ ತಂದೆ. ಮತ್ತೆ ಇನ್ನೊಂದು ಫ್ಯಾಕ್ಟರಿಯ ಗೇಟಿನಲ್ಲಿ ಹೊಸಬಳಾಗಿ ನಿಂತೆ. ನೀರು ಕುಡಿಯದೆ, ಬೈಗುಳ ತಿಂದು, ಕಾಲರ್ ಮೇಲೆ ಕಾಲರ್ ಹೊಲಿದು ಕೂಡಿಸಿದ್ದನ್ನು ನಾನೇ ನನ್ನ ಕೈಯಾರೆ ಒಯ್ದು ಅವರ ಮುಂದೆ ಇಟ್ಟೆ. ಸೂಪರ್‌ವೈಸರ್ ಕಿತ್ತುಕೊಳ್ಳಲಿಲ್ಲ.

ವರ್ಷ ತುಂಬುವುದರೊಳಗೆ ತಂಗಿ ಬಂದಳು. ಅವಳ ಕೆನ್ನೆಯೂ ಊದಿತ್ತು. ಅದೇ ಜಾಗ, ಅದೇ ಬಣ್ಣ. ಬೈಕಿನ ಜೊತೆಗೆ ಒಂದು ಉಂಗುರ ಬರಬೇಕಿತ್ತಂತೆ. ಅವ್ವ ಅಂದಳು, "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ಸುಮ್ಕೆ ಹೋಗವ್ವ." 34 ಜನರ ಸಹಿ ಹಾಕಿಸಿದವಳು ನಾನು. ಊಟದ ಜಾಗದಲ್ಲಿ ತಲೆ ಎತ್ತಿ ಕೂತವಳು ನಾನು. ನಾನೇನು ಮಾಡಿದೆ? ತಲೆ ಬಗ್ಗಿಸಿ ತಂಗಿಯ ಬ್ಯಾಗು ಹಿಡಿದುಕೊಂಡು ಹೋಗಿ ಬಸ್ಸು ಹತ್ತಿಸಿ ಬಂದೆ. ಒಂದಲ್ಲ, ಮೂರು ಸಲ ಹತ್ತಿಸಿದ್ದೇನೆ. ಇದನ್ನು ಯಾವ ಸಭೆಯಲ್ಲೂ ಹೇಳಿರಲಿಲ್ಲ.

ನಾಲ್ಕನೆಯ ಸಲ ಅವಳು ಬಂದದ್ದು 2016ರ ಆ ಗಲಾಟೆ ಮುಗಿದು ಸ್ವಲ್ಪ ದಿನಕ್ಕೆ. ಆವತ್ತು ಬಸ್ಸು ಹತ್ತಿಸಲಿಲ್ಲ. ನಮ್ಮ ಬೀದಿಯ ಸಂಘದಲ್ಲಿ ವಾರದ ಉಳಿತಾಯ ಕಟ್ಟಲು ಕೂತಿದ್ದಾಗ ವಿಷಯ ಎತ್ತಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬರು ನಿಧಾನವಾಗಿ ಸೆರಗು ಸರಿಸಿ ತೋಳು ತೋರಿಸಿದರು. ಇನ್ನೊಬ್ಬರು ಅತ್ತರು. 14 ಜನರ ಸಂಘದಲ್ಲಿ 6 ಜನಕ್ಕೆ ಮನೆಯಲ್ಲಿ ಏಟು ಬೀಳುತ್ತಿತ್ತು. ಎಷ್ಟೋ ವರ್ಷದಿಂದ ಜೊತೆಗೆ ಕೂತು ದುಡ್ಡು ಎಣಿಸಿದ್ದೆವು, ಏಟು ಎಣಿಸಿರಲಿಲ್ಲ. ನಾಲ್ಕು ಜನ ಸೇರಿ ತಂಗಿಯ ಗಂಡನ ಮನೆಗೆ ಹೋದೆವು. ಬರೆದುಕೊಂಡು ಹೋಗಿದ್ದೆವು. ಯಾವ ದಿನ, ಎಷ್ಟು ಗಂಟೆಗೆ, ಏನು ಕೇಳಿದರು, ಎಲ್ಲಿಗೆ ಹೊಡೆದರು. ಫ್ಯಾಕ್ಟರಿಯಲ್ಲಿ ಕಲಿತ ವಿದ್ಯೆ. ಆಮೇಲೆ ಕಾನೂನಿನ ದಾರಿಯನ್ನೂ ಹಿಡಿದೆವು. ತಂಗಿ ಈಗ ನನ್ನ ಜೊತೆಯಲ್ಲಿದ್ದಾಳೆ, ಓವರ್‌ಲಾಕ್ ಮೆಷಿನ್ನಿನ ಮೇಲೆ ಕೆಲಸ. ಬೈಕು ಮಾತ್ರ ಇನ್ನೂ ಅಲ್ಲೇ ಇದೆ.

ಈಗ ಕಾನೂನಿನ ಮಾತು ಸ್ವಲ್ಪ. ಬೇಸರ ಮಾಡಿಕೊಳ್ಳದೆ ಕೇಳಿ. ರಾಜಸ್ಥಾನದ ಭಟೇರಿ ಅನ್ನುವ ಹಳ್ಳಿಯಲ್ಲಿ ಭಂವರಿ ದೇವಿ ಅಂತ ಒಬ್ಬರು. ಸರ್ಕಾರದ ಮಹಿಳಾ ಕಾರ್ಯಕ್ರಮದಲ್ಲಿ ಊರಿನ ಕಾರ್ಯಕರ್ತೆ, ನಮ್ಮ ನಿಮ್ಮ ಹಾಗೆ ಬಡ ಹೆಂಗಸು. 1992ರಲ್ಲಿ ಒಂದು ಬಾಲ್ಯವಿವಾಹ ತಡೆಯಲು ಹೋದದ್ದಕ್ಕೆ ಅವರ ಮೇಲೆ ಅತ್ಯಾಚಾರ ಮಾಡಿದರು. ಕೆಳಗಿನ ಕೋರ್ಟು 1995ರಲ್ಲಿ ಆರೋಪಿಗಳನ್ನು ಆ ಅಪರಾಧದಿಂದ ಬಿಡುಗಡೆ ಮಾಡಿತು. ಆದರೆ ಅವರ ಕಥೆ ಹಿಡಿದು ಹೆಂಗಸರ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು. 1997ರಲ್ಲಿ ವಿಶಾಖಾ ತೀರ್ಪು ಬಂತು. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯಲು ಸಮಿತಿ ಇರಬೇಕು ಅಂತ ಅದು ಹೇಳಿತು. ನಮ್ಮ ಫ್ಯಾಕ್ಟರಿಯ ಗೋಡೆಗೆ ಅಂಟಿದ ಆ ಹೆಸರುಗಳ ಹಿಂದೆ ಭಂವರಿ ದೇವಿಯವರ ಕಣ್ಣೀರಿದೆ.

2013ರಲ್ಲಿ ಅದೇ ಕಾಯ್ದೆಯಾಯಿತು. 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದರ ಅಧ್ಯಕ್ಷರು ಹೆಂಗಸೇ ಆಗಿರಬೇಕು, ಹೊರಗಿನವರೊಬ್ಬರು ಸದಸ್ಯರಾಗಿರಬೇಕು. ಮುಟ್ಟುವುದು ಮಾತ್ರವಲ್ಲ, ಅಶ್ಲೀಲ ಮಾತೂ ಅಪರಾಧ. ಮೂರು ತಿಂಗಳೊಳಗೆ ದೂರು ಬರೆದು ಕೊಡಬೇಕು, ತಕ್ಕ ಕಾರಣವಿದ್ದರೆ ಇನ್ನೂ ಮೂರು ತಿಂಗಳು ಸಿಗಬಹುದು. ಬರೆಯಲು ಬಾರದವಳಿಗೆ ಬರೆಯಲು ಸಮಿತಿಯೇ ನೆರವಾಗಬೇಕು. 10 ಜನರಿಗಿಂತ ಕಡಿಮೆ ಇರುವ ಕಡೆ, ಮನೆಗೆಲಸದವರಿಗೆ, ಮಾಲೀಕನ ಮೇಲೆಯೇ ದೂರಿರುವವರಿಗೆ ಜಿಲ್ಲೆಯಲ್ಲಿ ಸ್ಥಳೀಯ ಸಮಿತಿ ಇದೆ. ಬರೀ ಟಾರ್ಗೆಟ್ಟಿಗಾಗಿ ಬೈಯುವುದು ಈ ಕಾಯ್ದೆಗೆ ಬರುವುದಿಲ್ಲ. ಅದಕ್ಕೆ ಯೂನಿಯನ್ನು ಬೇಕು, ಕಾರ್ಮಿಕ ಇಲಾಖೆಗೆ ಅರ್ಜಿ ಬೇಕು.

ಮನೆಯ ಮಟ್ಟಿಗೆ 2005ರ ಕೌಟುಂಬಿಕ ಹಿಂಸೆ ಕಾಯ್ದೆ ಇದೆ. ಹೊಡೆತ, ಬೈಗುಳ, ಖರ್ಚಿಗೆ ಕೊಡದೆ ಸತಾಯಿಸುವುದು ಎಲ್ಲವೂ ಅದರಲ್ಲಿ ಬರುತ್ತದೆ. ವಾಸವಿರುವ ಮನೆಯಿಂದ ಹೆಂಗಸನ್ನು ಹೊರಗೆ ದಬ್ಬುವಂತಿಲ್ಲ. ಸಂರಕ್ಷಣಾಧಿಕಾರಿ ಯಾರು ಅಂತ ನಿಮ್ಮ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಯಲ್ಲಿ ಕೇಳಿ. ಫೋನಿಗೆ 181, ತುರ್ತಿಗೆ 112. ವರದಕ್ಷಿಣೆ ಕೊಡುವುದೂ ತಪ್ಪು, ತೆಗೆದುಕೊಳ್ಳುವುದೂ ತಪ್ಪು ಅಂತ ಕಾಯ್ದೆ ಆದದ್ದು 1961ರಲ್ಲಿ. ನಾನು ಬೈಕು ಕೊಡುವ ಹೊತ್ತಿಗೆ ಅದಕ್ಕೆ 50 ವರ್ಷ ತುಂಬಿತ್ತು.

ಕಾನೂನು ಗೋಡೆಗೆ ಅಂಟಿಸಿದ ಕಾಗದ. ಓದುವವರು ಬೇಕು, ಜೊತೆಗೆ ಹೋಗುವವರು ಬೇಕು. ಆ ಹುಡುಗಿಗೆ ಬಂಡಲ್ ಎಸೆದಾಗ ನಲವತ್ತು ಜನ ನೋಡಿದ್ದೆವು. ನನ್ನ ತಂಗಿಗೆ ಹೊಡೆದಾಗ ವಠಾರವೇ ಕೇಳಿಸಿಕೊಂಡಿತ್ತು. ನೋಡಿದವರು ನೋಡಿದೆ ಅಂತ ಹೇಳುವುದಿಲ್ಲ ಅನ್ನುವ ನಂಬಿಕೆಯ ಮೇಲೆ ಕೈ ಮೇಲೇಳುತ್ತದೆ. ಆ ನಂಬಿಕೆಯನ್ನು ಮುರಿಯುವುದು ನಮ್ಮ ಕೈಯಲ್ಲಿದೆ.

ಕೊನೆಯಲ್ಲಿ ಒಂದೇ ಮಾತು ಕೇಳುತ್ತೇನೆ. ಮನೆಗೆ ಹೋದ ಮೇಲೆ ನಿಮ್ಮ ಸಂಘದ ಸಾಲದ ಪುಸ್ತಕ ತೆಗೆದು ನೋಡಿ. "ಮದುವೆ ಖರ್ಚು" ಅಂತ ಎಷ್ಟು ಕಡೆ ಬರೆದಿದೆ ಎಣಿಸಿ. ಅದರಲ್ಲಿ ಊಟಕ್ಕೆ ಎಷ್ಟು, ಗಂಡಿನ ಕಡೆಗೆ ಎಷ್ಟು ಅಂತ ಧೈರ್ಯ ಮಾಡಿ ಕೇಳಿ. ನಮ್ಮ ಸಂಘದಲ್ಲಿ ಕೇಳಿದೆವು. ಜಗಳವಾಯಿತು, ಇಬ್ಬರು ಸಂಘ ಬಿಟ್ಟರು. ಆಮೇಲೆ ಗಂಡಿನ ಕಡೆಗೆ ಕೊಡಲು ಸಾಲವಿಲ್ಲ ಅಂತ ಠರಾವು ಬರೆದೆವು. ಬೇರೆ ಕಡೆಯಿಂದ ತಂದು ಕೊಟ್ಟವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ನಮ್ಮ ಬೆವರಿನ ದುಡ್ಡು ನಮ್ಮ ಮಕ್ಕಳನ್ನು ಹೊಡೆಯುವ ಕೈಗೆ ನಮ್ಮ ಸಂಘದಿಂದ ಹೋಗುತ್ತಿಲ್ಲ. ಆ ಠರಾವಿನ ಕೆಳಗೂ ಸಹಿಗಳನ್ನು ರಂಗೋಲಿ ಹಾಗೇ ಸುತ್ತ ಹಾಕಿದ್ದೇವೆ. ಬೇಕಾದವರು ಬಂದು ನೋಡಬಹುದು.

ಇಷ್ಟು ಹೊತ್ತು ಕೇಳಿದಿರಿ. ಊಟಕ್ಕೆ ಎದ್ದಾಗ ಎಲ್ಲರೂ ಚೆನ್ನಾಗಿ ನೀರು ಕುಡಿಯಿರಿ. ಇಲ್ಲಿ ಟೋಕನ್ ಇಲ್ಲ.